ಹನ್ನೊಂದು ಸೆಕೆಂಡಿನ ಹುಲಿಗೆವ್ವ

ಹತ್ತು ದಿನವಾದರೂ ನನ್ನ ಸಿಟ್ಟು ಇಳಿದಿಲ್ಲ.

ನಮ್ಮ ಶಾಲೆಯ ಆಯಾ ಹುಲಿಗೆವ್ವ ಕೊಪ್ಪಳದ ಕಡೆಯಾಕೆ. ಬೆಂಗಳೂರಿನ ಬಿಟಿಎಂ ಬಡಾವಣೆಯ ಒಂದು ಕೋಣೆಯ ಬಾಡಿಗೆ ಮನೆಯಿಂದ ಆರು ವರ್ಷಗಳಿಂದ ಎರಡು ಬಸ್ಸು ಬದಲಿಸಿ ಬನಶಂಕರಿಗೆ ಬರುತ್ತಾಳೆ. ನಾವು ಟೀಚರುಗಳು ಬರುವಷ್ಟರಲ್ಲಿ ಹದಿನಾಲ್ಕು ಕೋಣೆ ಗುಡಿಸಿರುತ್ತಾಳೆ. ಆಕೆ ದನಿ ಏರಿಸಿದ್ದನ್ನು ನಾನು ಕೇಳಿರಲಿಲ್ಲ.

ಅವತ್ತು ಒಂಬತ್ತನೇ ತರಗತಿಗೆ ಮಾಧ್ಯಮಗಳ ಕುರಿತ ನನ್ನ ಮೊದಲ ಪಾಠ. ಎಲ್ಲರ ಫೋನಿನಲ್ಲೂ ಓಡಾಡುತ್ತಿದ್ದ ವಿಡಿಯೊ ಒಂದನ್ನು ಪರದೆಗೆ ಹಾಕಿದೆ. 'ಬಸ್ ಸ್ಟ್ಯಾಂಡಲ್ಲಿ ಆಂಟಿಯ ರೌಡಿಸಂ' ಎಂಬ ತಲೆಬರಹ. ಬೆನ್ನಷ್ಟೇ ಕಾಣುವ ಹೆಂಗಸೊಬ್ಬಳು ಯುವಕನಿಗೆ ಚಪ್ಪಲಿಯಲ್ಲಿ ಬಾರಿಸುತ್ತಾಳೆ. ಹನ್ನೊಂದೇ ಸೆಕೆಂಡು.

"ಸಖತ್ ಆಂಟಿ, ಮಗಾ!" ಎಂದು ಹಿಂದಿನ ಬೆಂಚು ಕೇಕೆ ಹಾಕಿತು.

ಬಾಗಿಲಲ್ಲಿ ಬಕೆಟ್ ಕುಕ್ಕಿದ ಸದ್ದು. ಹುಲಿಗೆವ್ವ ನಿಂತಿದ್ದಳು.

"ಆ ಹೆಂಗಸು ನಾನಽ ರೀ ಟೀಚರ್. ಇದಕ್ಕ ಮದ್ಲಿಂದು ಎಲ್ಲೈತಿ? ಅಂವ ಸಾಲಿ ಹುಡುಗಿ ಮೈಮ್ಯಾಗ ಕೈ ಹಾಕಿದ್ದ. ಆ ಕೂಸು ಅಳಾಕತ್ತಿತ್ತು. ಫೋನ್ ಹಿಡದಾಂವಗ ಅದು ಕಾಣಲಿಲ್ಲೇನು?"

ಮೊದಲ ಭಾಗ ಕತ್ತರಿಸಿದವನ ಕೈ ಸೇದಿಹೋಗಲಿ ಎಂದು ಮನಸ್ಸಿನಲ್ಲೇ ಶಪಿಸಿದೆ.

"ಇದನ್ನ ಫಾರ್ವರ್ಡ್ ಮಾಡಿದೋರೆಲ್ಲ ಕೈ ಎತ್ತಿ!" ಎಂದು ಅರಚಿದೆ.

ಒಂದು ಕೈಯೂ ಮೇಲೇಳಲಿಲ್ಲ. ಹುಲಿಗೆವ್ವ ನನ್ನನ್ನೇ ನೋಡುತ್ತಿದ್ದಳು. ಹಿಂದಿನ ದಿನವಷ್ಟೇ ಅದೇ ವಿಡಿಯೊಗೆ ನಗುವ ಮುಖದ ಇಮೋಜಿ ಅಂಟಿಸಿ ಸ್ಟಾಫ್ ವಾಟ್ಸಾಪ್ ಗ್ರೂಪಿಗೆ ಕಳಿಸಿದವಳು ನಾನು.

ಮೊದಲ ಕೈ ನಾನೇ ಎತ್ತಿದೆ.