ಹೊಸಾ ಸ್ಕ್ರೀನಿನ್ಯಾಗ ಉಳದ ಹಳದಿ

ತಡೀರಿ, ತಡೀರಿ. ಪೂರ್ತಿ ಓದೂ ಮಟಾ ಎದ್ದ ಹೋಗಬ್ಯಾಡ್ರಿ. ಹೊಸಾ ಕಂಪ್ಯೂಟರ್ ತಗೊಂಡವರಿಗೆ ಇದು ಉಪಯೋಗ ಬೀಳತೈತಿ. ಆದ್ರ ಇದು ಬರೇ ಕಂಪ್ಯೂಟರ್ ಮಾತಲ್ಲ.

ಅವ್ವ ತೀರ್ಕೊಂಡು ವರ್ಷ ಆಗಾಕ ಬಂದಿತ್ತು. ವರ್ಷದ ಪ್ರಾರ್ಥನಿಗೆ ಚರ್ಚಿನ ಮಂದಿ ಮನಿಗೆ ಬರ್ತಾರ, ಟೇಬಲ್ ಮ್ಯಾಲೆ ಒಂದು ದೊಡ್ಡ ಫೋಟೋ ಇಡಬೇಕು. ಅವ್ವಂದು ಒಂಟಿ ಫೋಟೋನ ಇಲ್ಲ. ಇದ್ದದ್ದು ಅಕ್ಕನ ಮದವ್ಯಾಗ ತಗದದ್ದು, ಅಕ್ಕನ ಮಗ್ಗಲಕ ನಕ್ಕೋತ ನಿಂತದ್ದು.

"ಕಂಪ್ಯೂಟರ್ ತಂದೀಯಲ್ಲಾ, ಆ ಫೋಟೋನರ ಛಲೋ ಮಾಡಿ ಕೊಡು" ಅಂದ್ರು ಅಪ್ಪ.

ದೇಶಪಾಂಡೆ ನಗರದ ಅಂಗಡ್ಯಾಗ ಒಂದೊಂದ ಸಾಮಾನು ತಂದು, ವಿಡಿಯೋ ನೋಡಿ ನಾನ ಜೋಡಿಸಿದ್ದೆ. ಚಾಲೂ ಮಾಡಿ ಫೋಟೋ ತಗದ್ರ ಎಲ್ಲಾ ಮಸುಕು, ಮ್ಯಾಲೆ ಅರಿಷಿಣ ನೀರು ಸುರವಿದಂಗ. ಸ್ಕ್ರೀನಿನ ವೈರ್ ತಪ್ಪಿ ಮದರ್‌ಬೋರ್ಡಿಗೆ ಚುಚ್ಚಿದ್ದೆ. ಗ್ರಾಫಿಕ್ಸ್ ಕಾರ್ಡಿಗೆ ಚುಚ್ಚಿ, ರೆಸಲ್ಯೂಶನ್ ಸರಿ ಮಾಡಿದ ಮ್ಯಾಲೆ ಅಕ್ಷರ ಚೂಪಾದುವು. ರಾತ್ರಿ ಕಣ್ಣಿಗೆ ತ್ರಾಸ ಆಗದಂಗ ಸ್ಕ್ರೀನ್ ಹಳದಿ ಮಾಡೂ ನೈಟ್ ಲೈಟ್ ಬಂದ್ ಮಾಡಿದೆ, ಅರ್ಧ ಹಳದಿ ಹೋತು. ಮಂಜು ಮಾತ್ರ ಹೋಗವಲ್ದು.

ಕಾರಣ ಗೊತ್ತಿತ್ತು. ಸ್ಕ್ರೀನಿನ ಮ್ಯಾಲಿನ ಪ್ಲಾಸ್ಟಿಕ್ ಹಾಳಿ! ಅಪ್ಪ ಅದನ್ನ ತಗೀಗೊಟ್ಟಿರಲಿಲ್ಲ. ನಮ್ಮ ಮನ್ಯಾಗ ಯಾವುದರದೂ ಕವರ್ ಬಿಚ್ಚೂದಿಲ್ಲ.

"ಫ್ರಿಜ್ ನೋಡಲೇ, ನಿನ್ನೆ ತಂದಂಗೈತಿ" ಅಂದ್ರು.

"ಫ್ರಿಜ್ಜಿನ್ಯಾಗ ಅವ್ವನ ಮಾರಿ ನೋಡೂದಿಲ್ಲಲ್ರಿ, ಅಪ್ಪಾ."

ಅಪ್ಪ ತಾವ ಬಂದು, ಉಗುರಿಲೆ ಮೂಲಿ ಎಬ್ಬಿಸಿ, ಹಾಳಿ ಸುಲದು ಒಳಗ ಹೋದ್ರು.

ಈಗ ನೋಡ್ರಿ, ಅಕ್ಕನ ಮದವಿ ಸೀರಿ ಹಾಲಿನಂಗ ಬೆಳ್ಳಗ. ಆದ್ರ ಅವ್ವನ ಕಣ್ಣು ಹಳದಿ. ನಾ ಬಣ್ಣದ ಸೆಟ್ಟಿಂಗ್ ತಿರುವಿದೆ. ಸೀರಿ ನೀಲಿ ಆತು, ಕಣ್ಣು ಹಳದೀನ. ಎಲ್ಲಾ ಮೊದಲಿನಂಗ ಮಾಡಿ ಬ್ಯಾರೆ ವೈರ್ ಹಾಕಿದೆ. ಕಡೀಕ ಅದ ಫೋಟೋ ಫೋನ್ಯಾಗ ದೊಡ್ಡದು ಮಾಡಿ ನೋಡಿದೆ. ಅಲ್ಲೂ ಹಳದಿ. ಹಿಂದ ನಿಂತ ಮಂದಿ ಎಲ್ಲಾರ ಕಣ್ಣೂ ಬೆಳ್ಳಗ.

ಸ್ಕ್ರೀನ್ ಕೆಟ್ಟಿರಲಿಲ್ಲ.

ಮದವಿ ಆದ ಮ್ಯಾಲೆ ಅವ್ವಗ ಕಾಮಣಿ, ಅಂದ್ರ ಜಾಂಡೀಸ್, ಆತು, ಸತ್ತೂರಿನ ದವಾಖಾನ್ಯಾಗ ಲಿವರ್ ಪೂರ್ತಿ ಹೋಗೈತಿ ಅಂದ್ರು. ಮದವಿ ಆದ *ಮ್ಯಾಲೆ* ಅಂತನ ನಾ ಇಷ್ಟ ದಿನಾ ತಿಳ್ಕೊಂಡಿದ್ದೆ.

ಅಪ್ಪ ಚಾ ತಂದ್ರು. "ಇನ್ನೂ ಆಗಲಿಲ್ಲೇನಲೇ, ಇಂಜಿನಿಯರಾ?"

"ಅವ್ವನ ಕಣ್ಣು ನೋಡ್ರಿ."

ಬಗ್ಗಿ ನೋಡಲಿಲ್ಲ ಅವರು. "ಗೊತ್ತೈತಿ. ಮದವಿ ಮುಂಜಾನೇನ ನೋಡಿದ್ದೆ. ದವಾಖಾನಿಗೆ ನಡಿ ಅಂದೆ. 'ಮಗಳು ಗಂಡನ ಮನಿ ಸೇರ್ಲಿ, ಆಮ್ಯಾಲೆ ನೋಡೂಣಂತ, ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ' ಅಂದ್ಲು. ಆಮ್ಯಾಲೆ ಬೀಗರ ಊಟ. ಆಮ್ಯಾಲೆ ಮತ್ತೇನೋ." ಚಾ ಕಪ್ಪು ಕೆಳಗಿಟ್ರು. "ಕಣ್ಣು ಬೆಳ್ಳಗ ಮಾಡು. ಅಕ್ಕಗ ತಿಳೀಬಾರ್ದು. ತನ್ನ ಮದವೀನ ಅವ್ವನ್ನ ತಿಂತು ಅನ್ಕೋತಾಳ."

ಮಾಡಿದೆ. ಅದೇನ ದೊಡ್ಡ ಕೆಲಸಲ್ಲ, ಹಳದಿ ಹಿಡದು ಇಳಿಸೂದಷ್ಟ.

ಪ್ರಾರ್ಥನಿ ಮುಗದು ಮಂದಿ ಹೋದ್ರು. ಅಪ್ಪ ಕುರ್ಚಿ ಎತ್ತಿಡಾಕತ್ತಿದ್ರು. ಅಕ್ಕ ಫೋಟೋ ಮುಂದ ಭಾಳ ಹೊತ್ತು ನಿಂತ್ಲು.

"ಕಣ್ಣು ನೀನ ಬೆಳ್ಳಗ ಮಾಡೀದಿ, ಹೌದಿಲ್ಲೋ?" ಅಂದ್ಲು. "ನನ್ನ ಫೋನ್ಯಾಗ ಹಳದಿ ಅದಾವು. ವರ್ಷಾತು, ದಿನಾ ನೋಡ್ತೇನಿ."

ಅಪ್ಪನ ಕೈಯಾಗಿನ ಕುರ್ಚಿ ಅಲ್ಲೇ ನಿಂತು ಬಿಡ್ತು. ಮದವಿ ದಿನಾನ ಅವ್ವಗ ಜಡ್ಡಿತ್ತು ಅನ್ನೂದು ಮೂರೂ ಮಂದಿಗೂ ಗೊತ್ತಿತ್ತು, ಒಬ್ಬರಿಗೊಬ್ಬರು ಮುಚ್ಚಿಟ್ಟಿದ್ವಿ.

ನಿಮ್ಮ ಮನ್ಯಾಗೂ ಹಿಂಗ ಹಳೇ ಫೋಟೋದಾಗ ತಡಾ ಆಗಿ ಏನರ ಕಂಡೈತೇನ್ರಿ? ಕಂಡ ಮ್ಯಾಲೆ ಮನಿಯವರ ಜೋಡಿ ಮಾತಾಡಿದ್ರೋ, ಸುಮ್ಮನ ಉಳದ್ರೋ? ಕೆಳಗ ಬರೀರಿ. ನಾ ಒಂದೊಂದೂ ಓದ್ತೇನಿ.