ಎಮ್ಮೆವ್ವನ ಮೇಲೆ ಹೊರಿಸಿದ ದಮ್ಮು

ಡಾಕ್ಟರು ಹಾಗೆ ಹೇಳಿರಲಿಲ್ಲ. ನನ್ನ ಮಗಳ ದಮ್ಮು ಈರಮ್ಮನ ಎಮ್ಮೆ ದೊಡ್ಡಿಯಿಂದ ಬಂತೆಂದು ರಾಯಚೂರಿನ ಡಾಕ್ಟರು ಹೇಳಿದರು ಅಂತ ನಾನು ಸಿಂಧನೂರಿನ ನಮ್ಮ ಓಣಿಯನ್ನೆಲ್ಲ ನಂಬಿಸಿದೆ. ಅದು ಸುಳ್ಳು. ನಾನೇ ಹುಟ್ಟಿಸಿದ್ದು. ಅವರು ಹೇಳಿದ್ದು ಬೇರೆ — ಅದನ್ನು ಇಷ್ಟು ವರ್ಷ ನನ್ನ ಗಂಡನಿಗೂ ಹೇಳಿಲ್ಲ.

ಎಲ್ಲಿಂದ ಶುರು ಮಾಡಲಿ? ನನ್ನ ಭಯದಿಂದ ಶುರು ಮಾಡಿದರೆ ನೀವು ಅಯ್ಯೋ ಪಾಪ ಅಂದುಬಿಡುತ್ತೀರಿ. ಅದು ನನಗೆ ಬೇಡ. ಆದರೆ ಭಯ ಇತ್ತು, ಅದೂ ನಿಜವೇ.

ನನ್ನ ಚೊಚ್ಚಲ ಮಗು, ಗಂಡು, ಎಂಟು ದಿನ ಬದುಕಿತು. ಹೆರಿಗೆ ಮನೆಯಲ್ಲಾಗಿತ್ತು. ಸೂಲಗಿತ್ತಿ ಹೊಕ್ಕುಳಿಗೆ ಸಗಣಿ ಕುಳ್ಳಿನ ಬೂದಿ ಹಚ್ಚಿದ್ದಳು. ಆರನೆಯ ದಿನ ಕೂಸು ಮೊಲೆ ಹಿಡಿಯಲಿಲ್ಲ, ದವಡೆ ಬಿಗಿದುಕೊಂಡಿತು, ಮೈ ಬಿಲ್ಲಿನ ಹಾಗೆ ಸೆಟೆಯಿತು. ಧನುರ್ವಾಯು ಅಂದರು ಆಸ್ಪತ್ರೆಯಲ್ಲಿ. ಅವತ್ತಿನಿಂದ ಸಗಣಿ ಕಂಡರೆ ನನಗೆ ಆ ದವಡೆಯೇ ಕಾಣುತ್ತಿತ್ತು.

ಎರಡು ವರ್ಷಕ್ಕೆ ಮಗಳು ಹುಟ್ಟಿದಳು. ಈ ಸಲ ಆಸ್ಪತ್ರೆಯಲ್ಲಿ. ಮನೆಗೆ ಬಂದ ಮೇಲೆ ಅತ್ತೆ ಹಟ ಹಿಡಿದರು — ಕೂಸನ್ನು ತಿಪ್ಪೆಗೆ ಹಾಕಿ ಎತ್ತಲೇಬೇಕು. ಮೊದಲಿನ ಕೂಸು ಉಳಿಯದ ಮನೆಯಲ್ಲಿ ಇದು ನಮ್ಮ ಕಡೆಯ ಪದ್ಧತಿ. ಕೂಸನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲಿಡುತ್ತಾರೆ, ಇದು ಯಾರಿಗೂ ಬೇಡವಾದ ಕೂಸು ಅಂತ ಸಾವಿಗೆ ತೋರಿಸುವುದಕ್ಕೆ. ಆಮೇಲೆ ಬೇರೆ ಮನೆಯ ಹೆಂಗಸೊಬ್ಬಳು ಒಂದು ಸೇರು ನುಚ್ಚು ಕೊಟ್ಟು ಕೂಸನ್ನು ಕೊಳ್ಳುತ್ತಾಳೆ, ಕೊಂಡು ಹೆತ್ತವಳ ಕೈಗೇ ಸಾಕಲಿಕ್ಕೆ ಕೊಡುತ್ತಾಳೆ. ಅಲ್ಲಿಂದ ಅವಳೂ ತಾಯಿ. ಯುಗಾದಿಗೆ ಮೊದಲ ಅಂಗಿ ಅವಳ ಮನೆಯಿಂದಲೇ ಬರಬೇಕು.

ನುಚ್ಚು ಕೊಟ್ಟವಳು ಈರಮ್ಮ. ನಮ್ಮ ಮನೆಯಿಂದ ಮೂರನೆಯ ಮನೆ. ಗಂಡ ಇಲ್ಲ, ಒಬ್ಬಳೇ ಮಗಳು ನಾಗಮ್ಮ, ಎರಡು ಎಮ್ಮೆ. ಓಣಿಗೆಲ್ಲ ಅವಳದೇ ಹಾಲು. "ಇನ್ನ ನೀವಿಬ್ರೂ ಅಕ್ಕ-ತಂಗಿ ನೋಡ್ರಿ," ಅಂದರು ಅತ್ತೆ. ಈರಮ್ಮ ಅವತ್ತಿನಿಂದ ನನ್ನನ್ನು ತಂಗೀ ಅಂತಲೇ ಕರೆದಳು. ನಾನು ಮಾತ್ರ ಒಂದು ಸಲವೂ ಅಕ್ಕ ಅನ್ನಲಿಲ್ಲ. ಮೆಟ್ರಿಕ್ ಪಾಸಾದವಳು ನಾನು, ಲಿಂಗಸುಗೂರಿನ ಗುಮಾಸ್ತರ ಮಗಳು — ಸಗಣಿ ಬಳಿಯುವವಳನ್ನು ಅಕ್ಕ ಅನ್ನುವುದೇ?

ಮಗಳಿಗೆ ಅತ್ತೆ ಇಟ್ಟ ಹೆಸರು ತಿಪ್ಪಮ್ಮ. ನಾನು ಶೈಲಜಾ ಅಂತ ಕರೆದೆ. ಅವಳು ಎರಡಕ್ಕೂ ಓಗೊಡುತ್ತಿದ್ದಳು, ಆದರೆ ಓಡುತ್ತಿದ್ದುದು ಈರಮ್ಮನ ದೊಡ್ಡಿಗೆ. "ಎಮ್ಮೆವ್ವಾ" ಅನ್ನುತ್ತ ಹೋಗಿ ಕರುವಿನ ಕೊರಳಿಗೆ ಜೋತುಬಿದ್ದು, ಮೈಯೆಲ್ಲ ಗಂಜಲ ಮಾಡಿಕೊಂಡು, ನೊರೆಹಾಲಿನ ಮೀಸೆ ಹೊತ್ತು ಬರುತ್ತಿದ್ದಳು. ನಾನು ಬಿಸಿನೀರಿಗೆ ಔಷಧ ಹಾಕಿ ಅವಳ ಮೈ ಕೆಂಪಾಗುವ ತನಕ ತಿಕ್ಕುತ್ತಿದ್ದೆ. ಅವಳು ಅಳುತ್ತ ಕೂಗುತ್ತಿದ್ದುದೂ ಎಮ್ಮೆವ್ವನನ್ನೇ. ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ, ಅದಕ್ಕೆ ಇನ್ನೇನು ಹೆಸರಿಡಲಿ.

ಮಗಳಿಗೆ ಮೂರು ತುಂಬಿದಾಗ ಅತ್ತೆ ತೀರಿಕೊಂಡರು. ಹದಿನೈದು ದಿನ ಕಳೆಯುವುದರೊಳಗೆ ನಾನು ಬಾಗಿಲು ಹಾಕಿದೆ. ದೊಡ್ಡಿ ಬಂದ್. ಓಣಿಯ ಮಕ್ಕಳ ಜೊತೆ ಮಣ್ಣಾಟ ಬಂದ್. ನೆಲಕ್ಕೆ ದಿನಾ ಎರಡು ಹೊತ್ತು ಫಿನಾಯಿಲ್. ಹೊರಗಿನಿಂದ ಬಂದವರು ಕೂಸನ್ನು ಎತ್ತಬೇಕಾದರೆ ಮೊದಲು ಕೈಗೆ ಸೋಪು. ಓಣಿಯ ಹೆಂಗಸರು "ಕೂಸಿಗೆ ಫಾರಿನ್ನಿನ ಗಾಳಿ ತರಿಸ್ತೀಯೇನವ್ವ" ಅಂತ ನಗುತ್ತಿದ್ದರು. ನಗಲಿ, ನನ್ನ ಕೂಸು ಉಳಿಯಬೇಕು — ಅಷ್ಟೇ ನನ್ನ ಲೆಕ್ಕ.

ವರ್ಷ ಕಳೆದಿರಲಿಲ್ಲ. ಭತ್ತದ ಸುಗ್ಗಿಯ ದಿನಗಳು. ಒಂದು ಬೆಳಗ್ಗೆ ಮಗಳ ಎದೆಯಿಂದ ಸಿಳ್ಳೆಯಂಥ ಸದ್ದು ಬಂತು. ಆ ಸದ್ದು ನನಗೆ ಗೊತ್ತಿತ್ತು. ನಮ್ಮಪ್ಪನ ಎದೆಯದು. ಹನ್ನೆರಡನೆಯ ವಯಸ್ಸಿನ ತನಕ ನನ್ನ ಎದೆಯದೂ.

ಅಲ್ಲೇ ಇರುವುದು ಗಂಟು. ಹೆಣ್ಣು ನೋಡಲು ಬಂದ ದಿನ ಅತ್ತೆ ನೇರವಾಗಿ ಕೇಳಿದ್ದರು, "ಮನ್ಯಾಗ ದಮ್ಮು-ಗಿಮ್ಮು ಏನರ ಐತೇನ್ರಿ?" ಅಪ್ಪ ಮಾತ್ರೆ ನುಂಗಿ, ಉಸಿರು ಬಿಗಿಹಿಡಿದು ಕುಳಿತಿದ್ದರು. "ಏನೂ ಇಲ್ರೀ" ಅಂದರು. ನಾನು ಚಹಾದ ತಟ್ಟೆ ಹಿಡಿದು ನಿಂತೇ ಇದ್ದೆ. ಆ ಒಂದು ಮಾತಿನ ಮೇಲೆ ನನ್ನ ಸಂಸಾರ ನಿಂತಿತ್ತು, ಅಥವಾ ಹಾಗೆಂದು ನಾನು ತಿಳಿದಿದ್ದೆ. ಒಂದು ಗಂಡು ಕೂಸು ಹೋಗಿದೆ, ಇರುವ ಒಬ್ಬಳಿಗೂ ದಮ್ಮು, ಅದೂ ತವರಿನಿಂದ ತಂದದ್ದು — ತಿಳಿದರೆ ಗಂಡ ನನ್ನನ್ನು ಲಿಂಗಸುಗೂರಿನ ಬಸ್ಸು ಹತ್ತಿಸುತ್ತಾರೆ ಅನ್ನಿಸಿತು.

ರಾಯಚೂರಿಗೆ ಕರೆದುಕೊಂಡು ಹೋದೆವು. ಡಾಕ್ಟರು ಮಗಳ ಬೆನ್ನಿಗೆ ಕೊಳವೆಯಿಟ್ಟು ಕೇಳಿದರು, ನಮ್ಮವರನ್ನು ಔಷಧ ತರಲು ಹೊರಗೆ ಕಳಿಸಿದರು. ಆಮೇಲೆ ನನ್ನನ್ನು ಕೇಳಿದರು, "ನಿಮ್ಮ ತವರಿನಾಗ ಯಾರಿಗರ ಅದ ಏನಮ್ಮ?" ಅವರ ಮುಂದೆ ನಿಜ ಹೇಳಿದೆ. ಡಾಕ್ಟರ ಮುಂದೆ ಹೇಳಿದ್ದು ಊರಿಗೆ ಬರುವುದಿಲ್ಲ ಅನ್ನುವ ಧೈರ್ಯ.

"ಹಂಗಾದ್ರ ಇದು ನಿಮ್ಮ ಮನಿತನದಾಗಿಂದು. ಭತ್ತದ ಧೂಳಿಗೆ ಎದ್ದದ," ಅಂದರು. ನಾನು ದೊಡ್ಡಿಯ ಮಾತು ತೆಗೆದೆ, ಸಗಣಿ, ತಿಪ್ಪೆ, ಹೋದ ಕೂಸಿನ ಹೊಕ್ಕುಳು, ಎಲ್ಲ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಹೊಕ್ಕಳಕ್ಕ ಸಗಣಿ ಹಚ್ಚೂದು ಬ್ಯಾರೆ, ಅಂಗಳದಾಗ ಆಡೂದು ಬ್ಯಾರೆ. ದನ ಇರೋ ಮನಿ ಮಕ್ಕಳು ನನ್ನ ಹತ್ರ ದಮ್ಮಿಗೆ ಬರೋದು ಕಡಿಮಿ. ಯಾಕ, ನನಗೂ ಪಕ್ಕಾ ಗೊತ್ತಿಲ್ಲ. ಸಣ್ಣವರಿದ್ದಾಗ ಮಣ್ಣು, ದನ, ನಾಕ ಮಕ್ಕಳ ನೆಗಡಿ ಎಲ್ಲಾ ಹತ್ತಿದ್ರ, ಯಾವುದಕ್ಕ ಹೆದರಬೇಕು, ಯಾವುದಕ್ಕ ಹೆದರಬಾರದು ಅಂತ ಮೈ ಕಲೀತದೇನೋ. ಧೂಳಿನಿಂದ ದೂರ ಇಡ್ರಿ. ಹಾಲು ಕಾಸಿ ಕುಡಸ್ರಿ. ಆದ್ರ ಕೂಸಿನ್ನ ಡಬ್ಬ್ಯಾಗ ಇಟ್ಟಂಗ ಇಡಬ್ಯಾಡ್ರಿ. ಆಡಾಕ ಬಿಡ್ರಿ."

ಇಷ್ಟು. ಇದಿಷ್ಟೇ ಅವರು ಹೇಳಿದ್ದು.

ವಾಪಸು ಬರುವ ಬಸ್ಸಿನಲ್ಲಿ ಮಗಳು ನಮ್ಮವರ ತೊಡೆಯ ಮೇಲೆ ಮಲಗಿದ್ದಳು. "ಏನಂದ್ರು?" ಅಂತ ಕೇಳಿದರು. ಹೇಳಬಹುದಿತ್ತು. ಅವರ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಬರೀ ದಣಿವು. ನಾನು ಕಿಟಕಿಯ ಕಡೆ ನೋಡುತ್ತ ಅಂದೆ:

"ಎಮ್ಮಿ ದೊಡ್ಡಿಯಿಂದ ಬಂದೈತಂತ. ಅಕಿ ಎತ್ತಿ ಆಡ್ಸಿದ್ದಕ್ಕ ಬಂದೈತಂತ."

ನಮ್ಮವರು ರೈಸ್ ಮಿಲ್ಲಿನ ಗುಮಾಸ್ತರು, ಕೆಟ್ಟವರಲ್ಲ. ಮಗಳ ಮೇಲಿನ ಮಮತೆಗೆ ಓಣಿಯಲ್ಲಿ ಇಬ್ಬರಿಗೆ ಹೇಳಿದರು, ನಿಮ್ಮ ಮಕ್ಕಳನ್ನೂ ನೋಡಿಕೊಳ್ಳಿ ಅಂತ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಒಂದು ಕೂಸಿನ ಕೆಮ್ಮು, ಇನ್ನೊಂದರ ಮೈಮೇಲಿನ ಗಂಧೆ, ಎಲ್ಲದಕ್ಕೂ ಈರಮ್ಮನ ದೊಡ್ಡಿಯೇ ಕಾರಣವಾಯಿತು. ಹಾಲಿನ ವರ್ತನೆ ಒಂದೊಂದೇ ಮನೆಯಲ್ಲಿ ನಿಂತಿತು. ಡಾಕ್ಟರೇ ಹೇಳಿದ ಮೇಲೆ ಎದುರು ಮಾತಾಡುವವರು ಯಾರು? ಎಮ್ಮೆಗಳನ್ನು ಓಣಿಯಿಂದ ಹೊರಗೆ ಹಾಕು ಅಂತ ಹಿರಿಯರು ಹೇಳಿ ಕಳಿಸಿದರು.

ಅವತ್ತು ಮಧ್ಯಾಹ್ನ ಈರಮ್ಮ ಬಂದಳು. ಮೈ ತೊಳೆದುಕೊಂಡು, ಒಗೆದ ಸೀರೆ ಉಟ್ಟು ಬಂದಿದ್ದಳು. ಹೊಸ್ತಿಲ ಆಚೆಯೇ ನಿಂತಳು.

"ತಂಗೀ, ಡಾಕ್ಟರ್ ಖರೇನ ಹಂಗಂದ್ರೇನು?"

ಜಗಳಕ್ಕೆ ಬಂದವಳಲ್ಲ. ತಿಳಿದುಕೊಳ್ಳಲು ಬಂದವಳು. ಕಣ್ಣು ಒಳಗಿನ ಕೋಣೆಯ ಕಡೆಗಿತ್ತು — ಅಲ್ಲಿ ಮಗಳು ಉಸಿರೆಳೆಯುತ್ತಿದ್ದುದು ಕೇಳುತ್ತಿತ್ತು.

"ಹೌದು," ಅಂದೆ.

ಅವಳು ತನ್ನ ಎರಡೂ ಅಂಗೈ ತಿರುವಿ ನೋಡಿಕೊಂಡಳು. "ನನಗ ತಿಳೀಲಿಲ್ಲರೀ. ತಿಳಿದಿದ್ರ ಮುಟ್ಟತಿದ್ದಿಲ್ಲ," ಅಂದಳು. ಹಿಂದಕ್ಕೆ ಸರಿದು, "ಬರ್ತೀನ್ರೀ ಅಕ್ಕಾರ" ಅಂದಳು. ತಂಗಿಯಾಗಿದ್ದ ನಾನು ಆ ಹೊಸ್ತಿಲಲ್ಲೇ ದೊಡ್ಡ ಮನೆಯವರನ್ನು ಕರೆಯುವ ಅಕ್ಕಾರ ಆದೆ.

ಎಮ್ಮೆ ಮಾರಿದಳು. ನಾಗಮ್ಮನನ್ನು ಮಸ್ಕಿಗೆ ಕೊಟ್ಟಿದ್ದಳು, ಅಲ್ಲಿಗೇ ಹೋದಳು. ಮಗಳ ಮನೆಯ ಅನ್ನ ಉಣ್ಣುವುದಿಲ್ಲ ಅಂತಿದ್ದ ಹೆಂಗಸು. ಅಲ್ಲಿ ಸಂತೆಕಲ್ಲೂರಿನ ಕಡೆ ಜೋಳದ ಹೊಲಗಳಿಗೆ ಕಳೆ ಕೀಳಲು ಹೋಗುತ್ತಾಳೆಂದು ಕೇಳಿದೆ. ಆದರೂ ಯುಗಾದಿಗೆ ಅಂಗಿ ಬರುವುದು ನಿಲ್ಲಲಿಲ್ಲ. ಮಸ್ಕಿಯಿಂದ ಬರುವ ಯಾರ ಕೈಯಲ್ಲಾದರೂ ಕಳಿಸುತ್ತಿದ್ದಳು, ಜೊತೆಗೊಂದು ಮಾತು: ಬಿಸಿನೀರಾಗ ಕುದಿಸಿ ಒಣಗಿಸೀನಿ, ಹೆದರಬ್ಯಾಡ್ರಿ ಅನ್ರಿ. ಹತ್ತು ಅಂಗಿ ಬಂದವು. ಒಂದನ್ನೂ ಮಗಳಿಗೆ ಹಾಕಲಿಲ್ಲ, ಯಾರು ಕಳಿಸಿದ್ದೆಂದೂ ಹೇಳಲಿಲ್ಲ.

ಮಗಳ ದಮ್ಮು ಬರುತ್ತಿತ್ತು, ಹೋಗುತ್ತಿತ್ತು. ಹನ್ನೆರಡರ ಹೊತ್ತಿಗೆ ಬಹಳ ಕಡಿಮೆಯಾಯಿತು, ನನಗೆ ಆಗಿದ್ದ ಹಾಗೆಯೇ. ನಾನು ಆಡಲು ಬಿಟ್ಟಿದ್ದರೆ ಅದು ಬರುತ್ತಲೇ ಇರಲಿಲ್ಲವೇ? ಗೊತ್ತಿಲ್ಲ. ಡಾಕ್ಟರಿಗೇ ಗೊತ್ತಿರಲಿಲ್ಲ, ನಾನು ಹೇಗೆ ಹೇಳಲಿ. ಮೂರು ವರ್ಷ ಆ ದೊಡ್ಡಿಯಲ್ಲಿ ಹೊರಳಾಡಿದಾಗ ಅವಳು ಚೆನ್ನಾಗಿದ್ದಳು, ನಾನು ಬಾಗಿಲು ಹಾಕಿದ ಮೇಲೆ ಎದೆ ಕಟ್ಟಿತು — ನಾನು ಕಂಡದ್ದು ಅಷ್ಟು. ಅದು ಸಾಕ್ಷಿಯೋ, ಬರೀ ಕಾಕತಾಳೀಯವೋ... ಯಾವುದಾದರೂ ನನ್ನ ಸುಳ್ಳು ಸುಳ್ಳೇ.

ಮಗಳಿಗೆ ಹನ್ನೆರಡಾದ ವರ್ಷ ಒಂದು ಮದುವೆಗೆ ಗಂಡ, ಮಗಳ ಜೊತೆ ಮಸ್ಕಿಗೆ ಹೋದೆ. ಮದುವೆ ಮನೆಯ ಹಿಂದಿನ ಸಂದಿಯಲ್ಲೇ ನಾಗಮ್ಮನ ಮನೆ ಅಂತ ನನಗೆ ತಿಳಿದಿರಲಿಲ್ಲ. ಈರಮ್ಮ ಬಾಗಿಲಲ್ಲಿ ಕುಳಿತಿದ್ದಳು. ಗುರುತು ಹಿಡಿದು ಎದ್ದಳು. ಮುಖ ಅರಳಿತು, ನೋಡನೋಡುತ್ತಲೇ ಬಾಡಿತು. ಮಗಳು ಒಂದು ಹೆಜ್ಜೆ ಮುಂದಿಟ್ಟಳು. ಈರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಗೆ ಸರಿದಳು. "ಅಲ್ಲೇ ನಿಂದ್ರವ್ವ. ದೂರಿಂದ ನೋಡ್ತೀನಿ. ಎಷ್ಟ ಎತ್ತರ ಬೆಳದೀಯವ್ವ."

ಒಳಗೆ ಚಾಪೆಯ ಮೇಲೆ ಒಂದು ಕೂಸು ಬಿಕ್ಕಿ ಬಿಕ್ಕಿ ಅಳುತ್ತಿತ್ತು. ನಾಗಮ್ಮನ ಮಗ, ಹತ್ತು ತಿಂಗಳಿನವನು. ನಾಗಮ್ಮ ನೀರಿಗೆ ಹೋಗಿದ್ದಳು. ಈರಮ್ಮ ಅದರ ಕಡೆ ನೋಡುತ್ತ ನಿಂತಿದ್ದಳೇ ಹೊರತು ಹೋಗಲಿಲ್ಲ.

"ಎತ್ತಿಕೊ ಈರಮ್ಮ, ಅಳಾಕತ್ತಾನ," ಅಂದೆ.

"ಇಲ್ರೀ ಅಕ್ಕಾರ. ನಾ ಕೂಸಿನ್ನ ಎತ್ತಂಗಿಲ್ಲ. ಒಂದಕ್ಕ ದಮ್ಮು ಹಚ್ಚೀನಿ, ಸಾಕು."

ಪಕ್ಕದ ಮನೆಯವಳನ್ನು ಕೂಗಿ ಕರೆದಳು. ಆಕೆ ಬಂದು ಕೂಸನ್ನು ಎತ್ತಿಕೊಳ್ಳುವ ತನಕ ಅದು ಅತ್ತಿತು. ನಾನು ಅಲ್ಲೇ ನಿಂತಿದ್ದೆ. ಒಂದೇ ಒಂದು ಮಾತು ಸಾಕಿತ್ತು. ಪಕ್ಕದಲ್ಲಿ ಮಗಳಿದ್ದಳು, ಮದುವೆ ಮನೆಯಲ್ಲಿ ಗಂಡನಿದ್ದರು — ಬಾಯಿ ಬಿಟ್ಟರೆ ಬಣ್ಣಗೇಡು. ಬಿಡಲಿಲ್ಲ. ಬಸ್ಸಿನಲ್ಲಿ ಆಡಿದ ಸುಳ್ಳಿಗಿಂತ ಈ ಮೌನ ದೊಡ್ಡ ಪಾಪ. ಆಗ ನಾನು ಹೆದರಿದ್ದೆ, ಸರಿ. ಈಗ ಕಣ್ಣೆದುರೇ ಕಂಡಿತ್ತಲ್ಲ.

ಎರಡು ವರ್ಷದ ಮೇಲೆ ಈರಮ್ಮ ತೀರಿಕೊಂಡಳು. ಮಿಲ್ಲಿಗೆ ಬರುವ ಮಸ್ಕಿಯ ಹಮಾಲರೊಬ್ಬರು ನಮ್ಮವರಿಗೆ ಹೇಳಿದರು, ನಮ್ಮವರು ಊಟಕ್ಕೆ ಕುಳಿತಾಗ ನನಗೆ ಹೇಳಿದರು. ನಾನು ಬಡಿಸುತ್ತಲೇ ಇದ್ದೆ.

ಕಳೆದ ವಾರ ಒಬ್ಬಳೇ ಮಸ್ಕಿಗೆ ಹೋಗಿ ನಾಗಮ್ಮನಿಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಜೋಳ ಹಸನು ಮಾಡುವುದನ್ನು ನಿಲ್ಲಿಸಿ ಮೊರ ಬದಿಗಿಟ್ಟಳು.

"ಮೂರ ಮಕ್ಕಳನ ಹಡದೀನ್ರೀ ನಾ," ಅಂದಳು. "ಒಂದನ್ನೂ ಎತ್ತಲಿಲ್ಲ ನಮ್ಮವ್ವ. ಬಾಣಂತಿ ನಾ, ಎದ್ದು ಅಡಗಿ ಮಾಡ್ತಿದ್ನಿ, ಕೂಸು ಅಳತಿತ್ತು, ಅಕಿ ಮೂಲ್ಯಾಗ ಕುಂತು ನೋಡ್ತಿದ್ಲು. ಅಕಿಗೆ ಕರುಳ ಇಲ್ಲಂತ ತಿಳಕೊಂಡಿದ್ನಿ. ಬೈದೀನ್ರೀ ನಾ ನಮ್ಮವ್ವಗ. ಬಾಯಿಗೆ ಬಂದಂಗ ಬೈದೀನಿ."

ನಾನು ಅವಳ ಕೈ ಹಿಡಿಯಲು ಹೋದೆ. ಬಿಡಿಸಿಕೊಂಡಳು.

"ನನಗ ಯಾಕ ಹೇಳಾಕ ಬಂದ್ರಿ? ಎಲ್ಲಿ ಅಂದಿದ್ರಿ, ಅಲ್ಲಿ ಹೋಗಿ ಹೇಳ್ರಿ."

ಅದಕ್ಕೇ ಇದನ್ನು ಬರೆದಿದ್ದೇನೆ. ಬಾಯಿಂದ ಹೇಳಲು ಹೋದರೆ ನಡುವೆ ಅಳುತ್ತೇನೆ, ಜನ ಸಮಾಧಾನ ಮಾಡುತ್ತಾರೆ, ಅರ್ಧಕ್ಕೇ ನಿಲ್ಲಿಸಿಬಿಡುತ್ತೇನೆ — ನನ್ನ ಬುದ್ಧಿ ನನಗೆ ಗೊತ್ತು. ಬರೆದದ್ದನ್ನು ಕೊನೆಯ ತನಕ ಓದಬೇಕಾಗುತ್ತದೆ. ಇವತ್ತು ಶಾಲೆಯಿಂದ ಬಂದ ಮೇಲೆ ಮಗಳಿಗೆ ಕೊಡುತ್ತೇನೆ, ಸಂಜೆ ಮಿಲ್ಲಿನಿಂದ ಬಂದ ಮೇಲೆ ಅವಳಪ್ಪನಿಗೆ. ನಾಳೆ ಮಂಗಳವಾರ, ಓಣಿಯವರೆಲ್ಲ ನೀರಿಗೆ ನಳದ ಹತ್ತಿರ ಸೇರುತ್ತಾರೆ. ಅಲ್ಲಿ ನಿಂತು ಓದುತ್ತೇನೆ. ಆಮೇಲೆ ನನ್ನನ್ನು ಎಲ್ಲಿಗೆ ಕಳಿಸುತ್ತಾರೋ ಕಳಿಸಲಿ. ಈರಮ್ಮ ಯಾವ ಕೂಸಿಗೂ ಏನನ್ನೂ ಹಚ್ಚಿರಲಿಲ್ಲ.