ಕಾರಿಗೆ ಐದು ಬೊಟ್ಟು

ಕಳೆದ ಅಮಾವಾಸ್ಯೆ ಬೆಳಿಗ್ಗೆ ನಮ್ಮನೆ ಕಾರಿಗೆ ಪೂಜೆ ನಡೆಯುತ್ತಿತ್ತು. ಸೇವಂತಿಗೆ ಹಾರ ಬಿತ್ತು. ಊದುಬತ್ತಿ ಹಚ್ಚಿದ್ದಾಯ್ತು. ನಾಲ್ಕು ಗಾಲಿಯ ಕೆಳಗೆ ನಾಲ್ಕು ನಿಂಬೆಹಣ್ಣು. ಮೊಮ್ಮಗಳು ನಯನ ಇನ್ನೇನು ಕಾಯಿ ಒಡೆಯಬೇಕು, ಬಾಗಿಲಲ್ಲಿ ನಿಂತಿದ್ದ ನಾನು ಅಂದೆ, "ತಡಿ ಕೂಸೆ. ಮೊದಲು ಬಾನೆಟ್ ತೆಗಿ."

ಬೀದಿಗೆ ಕೇಳುವಷ್ಟು ಜೋರಾಗಿ ನಾನು ಮಾತಾಡಿ ಎಷ್ಟು ವರ್ಷವಾಗಿತ್ತೋ. (ಎದುರುಮನೆಯವರು ತಿರುಗಿ ನೋಡಿದರು. ನಾಚಿಕೆಯಾಯಿತು. ಆದರೂ ಒಳಗೆ ಹೋಗಲಿಲ್ಲ.)

ವಿಷಯ ಇಷ್ಟು. ನಯನ ನಂದಿಗುಡಿ ಅನ್ನುವ ಹಳ್ಳಿಯಲ್ಲಿ ದನದ ಡಾಕ್ಟರ್. ಪಟ್ಟಣದ ಎಸ್.ಎಸ್. ಬಡಾವಣೆಯ ನಮ್ಮ ಮನೆಯಿಂದ ಹರಿಹರದ ಮೇಲೆ ದಿನಾ ಹೋಗಿ ಬರುತ್ತಾಳೆ, ಅವಳ ಅಜ್ಜನ ಹಳೇ ಕಾರಿನಲ್ಲಿ. ಅಮಾವಾಸ್ಯೆಗೆ ಎರಡು ದಿನ ಮೊದಲು ವಾಪಸ್ ಬರುವಾಗ, ಹರಿಹರ ಇನ್ನೂ ನಾಲ್ಕು ಕಿಲೋಮೀಟರ್ ಇದೆ ಎನ್ನುವಾಗ, ಮುಂಭಾಗದಿಂದ ಆವಿ ಎದ್ದದ್ದು ಕಂಡು ಅವಳು ಕಾರು ಆಫ್ ಮಾಡಿ ನಿಲ್ಲಿಸಿದಳು. ಅವಳಪ್ಪ, ಅಂದರೆ ನನ್ನ ಮಗ ಬಸವರಾಜ, ಹೋಗಿ ಎಳೆಸಿಕೊಂಡು ಬಂದ.

"ಎಮ್ಮೆಗೆ ಜ್ವರ ಬಂದ್ರೆ ಗೊತ್ತಾಗ್ತೈತೆ ನಿನಗೆ. ಕಾರಿಗೆ ಬಂದ್ರೆ ಗೊತ್ತಾಗಲ್ವಾ?"

"ಮೀಟರ್ ನೋಡ್ಲಿಲ್ಲ ಅಪ್ಪ."

"ಸಾಕು ಬಿಡು. ಭಾನುವಾರ ಹರಿಹರದವರೊಬ್ರು ಗಾಡಿ ನೋಡಾಕೆ ಬರ್ತಾರೆ. ಕೊಟ್ಟುಬಿಡಾಣ. ನೀನು ಬಸ್ಸಿಗೆ ಹೋಗು."

"ಹಸು ಕರು ಹಾಕಾಕೆ ಬಸ್ ಟೈಮ್ ನೋಡ್ತೈತಾ ಅಪ್ಪ?"

ಅವಳು ಕೇಳಿದ್ದು ಸರಿಯೇ ಅಲ್ಲವೇ? ಹಳ್ಳಿ ಹಳ್ಳಿ ತಿರುಗುವ ಕೆಲಸ. ಔಷಧದ ಪೆಟ್ಟಿಗೆ, ಲಸಿಕೆಯ ಐಸ್ ಡಬ್ಬಿ ಹೊತ್ತುಕೊಂಡು ಎಷ್ಟು ಬಸ್ಸು ಹತ್ತಿಯಾಳು? ಕಾರು ಹೋದರೆ ಅವಳ ಅರ್ಧ ಕೆಲಸ ಹೋದ ಹಾಗೆ. ಪೂಜೆ ಮಾಡಿದರಾದರೂ ಸರಿಹೋದೀತು ಅಂತ ಪಾಪ, ಹೂವು ಹಣ್ಣು ತಂದಿದ್ದಳು.

ಪೂಜೆಯಿಂದ ಕಾರು ಸರಿಹೋಗುತ್ತದೆಯೇ? ಹೋಗುತ್ತದೆ. ನೀವು ಪೂಜೆ ಹೇಗೆ ಮಾಡುತ್ತೀರಿ ಅನ್ನುವುದರ ಮೇಲೆ.

ನಾನು ಸಾರಥಿ ಅನ್ನುವ ಹಳ್ಳಿಯವಳು. ಊರಿನ ಶಾಲೆ ಎಲ್ಲಿಗೆ ಮುಗಿಯಿತೋ ನನ್ನ ಓದೂ ಅಲ್ಲಿಗೇ ಮುಗಿಯಿತು. ನಮ್ಮಪ್ಪ ಅಮಾವಾಸ್ಯೆ ದಿನ ಎತ್ತುಗಳಿಗೆ ನೊಗ ಹಾಕುತ್ತಿರಲಿಲ್ಲ. ಹಾಗಂತ ಸುಮ್ಮನೆ ಕೂರುತ್ತಲೂ ಇರಲಿಲ್ಲ. ಎತ್ತಿನ ಹೆಗಲು ಸವರಿ ಹುಣ್ಣಾಗಿದೆಯಾ ಅಂತ ನೋಡುತ್ತಿದ್ದ. ಗೊರಸು ಎತ್ತಿ ಕಲ್ಲು ಸಿಕ್ಕಿದೆಯಾ ಅಂತ ನೋಡುತ್ತಿದ್ದ. ಗಾಡಿಯ ಗಾಲಿ ಕಳಚಿ ಅಚ್ಚಿಗೆ ಕೀಲೆಣ್ಣೆ ಹಚ್ಚುತ್ತಿದ್ದ. ಇಷ್ಟೆಲ್ಲ ಆದಮೇಲೆ ಕುಂಕುಮ. ನನ್ನ ಮಟ್ಟಿಗೆ ಪೂಜೆ ಅಂದರೆ ಅದೇ.

ಮದುವೆಯಾಗಿ ಬಂದ ಮನೆಯಲ್ಲಿ ಎತ್ತಿರಲಿಲ್ಲ. ನಮ್ಮ ಯಜಮಾನರು ಹರಿಹರದ ಒಂದು ಫ್ಯಾಕ್ಟರಿಯಲ್ಲಿ ಫಿಟ್ಟರ್. ಎಷ್ಟೋ ವರ್ಷದ ಮೇಲೆ ಸೆಕೆಂಡ್ ಹ್ಯಾಂಡ್ ಕಾರೊಂದು ಬಾಗಿಲಿಗೆ ಬಂತು. ಆಮೇಲೆ ಇನ್ನೊಂದು. ಈಗಿರುವುದು ಮೂರನೆಯದು. ಕಾರು ಬದಲಾದರೂ ಅಮಾವಾಸ್ಯೆಯ ಪದ್ಧತಿ ಬದಲಾಗಲಿಲ್ಲ.

ನಾನು ಬಟ್ಟಲಲ್ಲಿ ಕುಂಕುಮಕ್ಕೆ ಎರಡು ಹನಿ ಹರಳೆಣ್ಣೆ ಹಾಕಿ ಕಲೆಸಿ ಕೊಡುತ್ತಿದ್ದೆ, ಜೊತೆಗೆ ಹಳೇ ಪಂಚೆಯ ಚೂರು. ಐದು ಬೊಟ್ಟು. ಇಂಜಿನ್ ಆಯಿಲ್ ನೋಡುವ ಕಡ್ಡಿಯ ಹಿಡಿಗೆ ಒಂದು. ಇಂಜಿನ್ ತಂಪಾಗಿಡುವ ಕೂಲೆಂಟ್ ಡಬ್ಬಿಗೆ, ಬ್ರೇಕ್ ಆಯಿಲ್ ಡಬ್ಬಿಗೆ, ಬ್ಯಾಟರಿಗೆ ಒಂದೊಂದು. ಕೊನೆಯದು ಡಿಕ್ಕಿಯಲ್ಲಿ ಮಲಗಿರುವ ಸ್ಟೆಪ್ನಿಗೆ. ನೋಡದೆ, ಸರಿಯಿಲ್ಲದಿದ್ದರೆ ಸರಿಮಾಡದೆ ಬೊಟ್ಟಿಡುವ ಹಾಗಿಲ್ಲ. ಯಾವುದಕ್ಕೆ ಹೊಸ ಬೊಟ್ಟಿಲ್ಲವೋ ಅದನ್ನು ನೋಡಿಲ್ಲ ಅಂತ ಅರ್ಥ.

ನಾನು ಹೊಸ್ತಿಲ ಒಳಗಿಂದ ಕೇಳುತ್ತಿದ್ದೆ, "ಎಷ್ಟಾತ್ರಿ?"

"ನಾಕು ಆತು. ಸ್ಟೆಪ್ನಿ ಉಳಿದೈತೆ."

ನಮ್ಮಿಬ್ಬರ ಅಮಾವಾಸ್ಯೆ ಸಂಭಾಷಣೆ ಇಷ್ಟೇ. ಉಳಿದದ್ದೆಲ್ಲ ಅವರೊಬ್ಬರದೇ ಮಾತು, ಅದೂ ಜೋರಾಗಿ: "ಇಂಜಿನ್ ತಣ್ಣಗಿರ್ಬೇಕು. ಕಡ್ಡಿ ತೆಗಿ. ಒರೆಸು. ಮತ್ತೆ ಹಾಕಿ ತೆಗಿ. ಎರಡು ಗೆರೆ ಮಧ್ಯೆ ಐತಾ ನೋಡು." ಕೆಲಸ ಮಾಡುತ್ತ ತಮಗೆ ತಾವೇ ಹೇಳಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಕೇಳಿ ಕೇಳಿ ನನಗೆ ಬಾಯಿಪಾಠವಾಗಿತ್ತು.

ಅವರು ಹೋಗಿ ಮೂರು ವರ್ಷ. ಪೂಜೆ ಉಳಿಯಿತು. ಬಾನೆಟ್ ಮುಚ್ಚಿಕೊಂಡೇ ಉಳಿಯಿತು.

ಇನ್ನು ಆ ಬೆಳಿಗ್ಗೆಯ ಕಥೆಗೆ ಬರುತ್ತೇನೆ. ನಯನ ಒಳಗೆ ಕೂತು ಏನೋ ಎಳೆದಳು. ಡಿಕ್ಕಿ ತೆರೆಯಿತು. ಇನ್ನೇನೋ ತಿರುವಿದಳು. ವೈಪರ್ ಆಡಿ ಹಾರದ ಹೂವೆಲ್ಲ ಉದುರಿತು. ಮೂರನೇ ಸಲಕ್ಕೆ ಬಾನೆಟ್ ಟಕ್ ಅಂತು.

ಬಗ್ಗಿ ನೋಡಿ ಗಾಬರಿಯಾದಳು. "ಅಜ್ಜಿ, ಇಲ್ಲೆಲ್ಲ ಕೆಂಪಗೈತೆ. ಆಯಿಲ್ ಲೀಕಾ?"

"ಲೀಕಲ್ಲ. ನಿಮ್ಮಜ್ಜ."

ಬೊಟ್ಟುಗಳು ಒಣಗಿ ಕಂದುಗೆಂಪಾಗಿದ್ದವು. ಅವಳು ಒಂದೊಂದನ್ನೂ ಬೆರಳಿಂದ ಮುಟ್ಟಿದಳು. ಆಮೇಲೆ ನಾನು ಹೇಳುತ್ತ ಹೋದೆ, ಅವಳು ನೋಡುತ್ತ ಹೋದಳು. ಆಯಿಲ್ ಕಡ್ಡಿಯ ತುದಿ ಮಾತ್ರ ಒದ್ದೆ. ಕೂಲೆಂಟ್ ಡಬ್ಬಿ ಖಾಲಿ. "ಗಾಡಿ ಬಿಸಿ ಇದ್ದಾಗ ಮಾತ್ರ ಈ ಮುಚ್ಚಳ ತಿರುವಬ್ಯಾಡ ನೋಡು, ಮುಖಕ್ಕೆ ಹಾರ್ತೈತೆ" ಅಂದೆ. ಬ್ಯಾಟರಿಯ ತಲೆ ಮೇಲೆ ಬಿಳೀ ಬೂಷ್ಟು. ಸ್ಟೆಪ್ನಿಯಲ್ಲಿ ಗಾಳಿಯೇ ಇಲ್ಲ. ಸರಿಯಾಗಿದ್ದದ್ದು ಬ್ರೇಕ್ ಆಯಿಲ್ ಒಂದೇ. ಹಾಗಾಗಿ ಅಂದು ಬೆಳಿಗ್ಗೆ ಬಿದ್ದದ್ದೂ ಒಂದೇ ಬೊಟ್ಟು. ಕಾಯಿ ಒಡೆಯದೆ ವಾಪಸ್ ದೇವರ ಮನೆಗೆ ಹೋಯಿತು.

ಮಧ್ಯಾಹ್ನ ಮೆಕ್ಯಾನಿಕ್ ರಫೀಕ್ ಸಾಬ್ರು ಬಂದು ಸಡಿಲಾಗಿದ್ದ ಒಂದು ಪೈಪಿನ ಕ್ಲಿಪ್ ಬಿಗಿ ಮಾಡಿದರು. ಆಯಿಲ್, ಕೂಲೆಂಟ್ ತುಂಬಿಸಿ ಸ್ವಲ್ಪ ಹೊತ್ತು ಇಂಜಿನ್ ಓಡಿಸಿ ಕಿವಿಗೊಟ್ಟರು. "ಹುಡುಗಿ ಆವಿ ಕಂಡ ಕೂಡ್ಲೆ ಆಫ್ ಮಾಡ್ಯಾಳ. ಇಂಜಿನ್ ಬಚಾವಾಗೈತ್ರಿ ಅಮ್ಮಾರೆ. ಇನ್ನೊಂದು ಮೈಲಿ ಓಡಿಸಿದ್ರೆ ಕೆಲಸ ಮುಗೀತಿತ್ತು" ಅಂದರು. ನಯನ ಬ್ಯಾಟರಿ ತೊಳೆದಳು. ಸ್ಟೆಪ್ನಿಗೆ ಗಾಳಿ ಹಾಕಿಸಿಕೊಂಡು ಬಂದಳು. ಉಳಿದ ನಾಲ್ಕು ಬೊಟ್ಟೂ ಬಿದ್ದವು, ಕಾಯಿಯೂ ಒಡೆಯಿತು.

ಸಂಜೆ ಬಸವರಾಜ ಆಫೀಸಿನಿಂದ ಬಂದಾಗ ಅವಳು ಬಾನೆಟ್ ಎತ್ತಿಟ್ಟುಕೊಂಡೇ ಕಾದಿದ್ದಳು. ಐದನ್ನೂ ತೋರಿಸಿ, ಯಾವುದು ಯಾಕೆ, ಯಾವಾಗ ನೋಡಬೇಕು ಅಂತ ತಡವರಿಸದೆ ಹೇಳಿದಳು. ಅವನು ಬಗ್ಗಿ ಬೊಟ್ಟುಗಳನ್ನು ನೋಡಿದ. ಆಮೇಲೆ ಹರಿಹರಕ್ಕೆ ಫೋನ್ ಮಾಡಿದ. "ಭಾನುವಾರ ಬರಬ್ಯಾಡ್ರಿ. ಗಾಡಿ ಕೊಡಲ್ಲ. ಮಗಳಿಗೆ ಬೇಕು."

ನನಗೆ ಧೈರ್ಯ ಬಂದಿತ್ತು ನೋಡಿ, ಬಿಡಲಿಲ್ಲ. "ಈಗಿನ ಹುಡುಗಿ ಒಂದೇ ದಿನಕ್ಕೆ ಕಲಿತಳು. ಐವತ್ತು ದಾಟಿದ್ರೂ ನಿನಗೆ ಯಾಕ ಬರಲಿಲ್ಲೋ? ಅಂಥ ಅಪ್ಪನ ಮಗ ನೀನು."

ಅವನು ಸಿಟ್ಟಾಗಲಿಲ್ಲ. ನಕ್ಕ.

"ಅವ್ವಾ, ಅಪ್ಪ ಅಷ್ಟು ಜೋರಾಗಿ ಹೇಳ್ತಿದ್ದುದು ಯಾರಿಗೆ ಅಂದ್ಕೊಂಡಿ? ಒಳಗೆ ಓದ್ತಾ ಕೂತಿದ್ದ ನನಗೆ. ಬಾರೋ ಅಂತ ಕರೆದ್ರೆ ನೀನು, ಬ್ಯಾಡ, ಎಣ್ಣೆ ಕೈ ಮಾಡ್ಕೋಬ್ಯಾಡ, ಪರೀಕ್ಷೆ ಐತೆ ಅಂತಿದ್ದಿ. ಅದಕ್ಕೇ ಅವರು ಅಲ್ಲಿಂದಲೇ ಕೂಗಿ ಹೇಳಾಕೆ ಶುರು ಮಾಡಿದ್ರು. ಓದಿಗೆ ಗಲಾಟೆ ಅಂತ ನೀನು ಬಂದು ಕಿಟಕಿ ಹಾಕಿಬಿಡ್ತಿದ್ದಿ."

ಹಾಕುತ್ತಿದ್ದೆ. ನಿಜ. ಮಗ ಫಿಟ್ಟರ್ ಆಗಬಾರದು, ಆಫೀಸರ್ ಆಗಬೇಕು ಅಂತ ನನ್ನ ಆಸೆ. ಆದ ಕೂಡ.

ಮೊಮ್ಮಕ್ಕಳೇ, ಈಗಿನ ಮಕ್ಕಳಿಗೆ ಕೈಕೆಲಸ ಒಂದೂ ಬರುವುದಿಲ್ಲ ಅಂತ ನಮ್ಮ ವಯಸ್ಸಿನವರು ನಿಮ್ಮನ್ನು ಬೈದರೆ, ಜಗಳ ಆಡಬೇಡಿ. ಮೆಲ್ಲಗೆ ಒಂದೇ ಒಂದು ಮಾತು ಕೇಳಿ: ಕಿಟಕಿ ಹಾಕಿದವರು ಯಾರು?